ಅಪ್ಪನ ಆಫ್ಟರ್ ಶೇವ್: ಹೆಸರು ಒಂದೇ, ಬಾಟಲಿ ಹತ್ತು

ಪ್ರಶ್ನೆ: ನಮ್ಮ ಅಪ್ಪ ಗಡ್ಡ ಬಂದಾಗಿನಿಂದ ಓಲ್ಡ್ ಸ್ಪೈಸ್ ಬಿಟ್ಟು ಬೇರೆ ಮುಟ್ಟಿಲ್ಲ. ಅವರಿಗೆ ಒಂದು ಒಳ್ಳೆಯ ಸೆಟ್ ಕೊಡೋಣ ಅಂತ ಹುಡುಕಿದರೆ ತಲೆ ಕೆಟ್ಟುಹೋಯಿತು. ಅದೇ ಹೆಸರಲ್ಲಿ ಆಫ್ಟರ್ ಶೇವ್, ಕೊಲೋನ್, ಓ ಡಿ ಟಾಯ್ಲೆಟ್, ಡಿಯೋ ಸ್ಪ್ರೇ, ಸ್ಟಿಕ್, ಬಾಡಿ ವಾಶ್ ಎಲ್ಲ ಇವೆ. ಒಂದು ಗಾಜಿನ ಬಾಟಲಿ, ಇನ್ನೊಂದು ಪ್ಲಾಸ್ಟಿಕ್. ಇವುಗಳಲ್ಲಿ ಅಸಲಿ ಯಾವುದು? 'ಈಗಿನದು ಮೊದಲಿನ ಹಾಗಿಲ್ಲ' ಅಂತ ಅಪ್ಪ ಹೇಳುತ್ತಿರುತ್ತಾರೆ. ಅದು ನಿಜವಾ? ಹಳೇ ಬಾಟಲಿ ಯಾರಾದರೂ ಮಾರುತ್ತಿದ್ದರೆ ಕೊಳ್ಳಬಹುದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಅಪ್ಪ ಶೇವ್ ಆದ ಮೇಲೆ ಅಂಗೈಗೆ ಸುರಿದುಕೊಂಡು ಕೆನ್ನೆಗೆ ತಟ್ಟಿಕೊಳ್ಳುವವರಾದರೆ ಅವರಿಗೆ ಬೇಕಾದ್ದು ಆಫ್ಟರ್ ಶೇವ್ ಲೋಷನ್. ಬೇರೆ ಏನು ತಂದರೂ ಒಂದು ದಿನ ಹಚ್ಚಿ ಪಕ್ಕಕ್ಕಿಡುತ್ತಾರೆ. ಬಾಟಲಿ ಕೈಗೆ ತೆಗೆದುಕೊಂಡಾಗ ದೊಡ್ಡ ಅಕ್ಷರದ ಹೆಸರು ನೋಡಿ ಸುಮ್ಮನಾಗಬೇಡಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ. ಒಳಗೆ ಏನಿದೆ ಅನ್ನುವುದು ಬರೆದಿರುವುದು ಅಲ್ಲಿ.

ಒಂದೇ ಹೆಸರಿಗೆ ಇಷ್ಟೊಂದು ಬಗೆ ಯಾಕೆ ಬಂತು? ಹಳೇ ಕಾಲದ ಗಂಡಸರ ಸುವಾಸನೆಗಳಲ್ಲಿ ಬಹಳಷ್ಟು ಮಾರುಕಟ್ಟೆಗೆ ಬಂದದ್ದು ಸೆಂಟು ಅಂತಲ್ಲ, ಶೇವಿಂಗ್ ಸಾಮಾನು ಅಂತ. ಸೆಂಟು ಹಚ್ಚಿಕೊಳ್ಳುತ್ತೇನೆ ಅಂತ ಹೇಳಲು ನಾಚುವ ಗಂಡಸು ಶೇವಿಂಗ್ ಸೋಪು ಕೊಳ್ಳಲು ನಾಚುವುದಿಲ್ಲ, ಅಲ್ವಾ? ಹಾಗಾಗಿ ಸೋಪು, ಲೋಷನ್, ಪೌಡರ್ ಅಂತ ಕನ್ನಡಿಯ ಮುಂದೆ ಕೈಗೆ ಸಿಗುವ ಎಲ್ಲದಕ್ಕೂ ಅದೇ ಘಮ ಸೇರಿಸಿದರು. ಈ ಸಾಲನ್ನು ಬೆಳಗಿನ ಶೇವ್ ನಡೆಯುವ ಕ್ರಮದಲ್ಲೇ ಜೋಡಿಸಿ ನೋಡಿದರೆ ಯಾವುದು ಯಾಕಿದೆ ಅಂತ ಗೊತ್ತಾಗುತ್ತದೆ. ನೊರೆಗೆ ಸೋಪು, ಬ್ಲೇಡು ಆಡಿದ ಚರ್ಮಕ್ಕೆ ಲೋಷನ್, ಕತ್ತು ಒಣಗಿರಲಿ ಅಂತ ಟಾಲ್ಕಂ ಪೌಡರ್, ಅಂಗಿ ತೊಡುವ ಮುಂಚೆ ಕೊಲೋನ್.

ಓಲ್ಡ್ ಸ್ಪೈಸ್ ಕತೆಯೂ ಇದೇ. ವಿಲಿಯಂ ಲೈಟ್‌ಫುಟ್ ಶುಲ್ಟ್ಸ್ ಅನ್ನುವವರು 1934ರಲ್ಲಿ ಅಮೆರಿಕದಲ್ಲಿ ಶುಲ್ಟನ್ ಕಂಪನಿ ಶುರು ಮಾಡಿದರು. 1937ರಲ್ಲಿ ಈ ಹೆಸರಿನ ಮೊದಲ ಸರಕು ಬಂದಾಗ ಅದು ಹೆಂಗಸರಿಗೆ ಅಂತ ಮಾಡಿದ್ದು! ಅವರ ತಾಯಿ ಗುಲಾಬಿ ಎಸಳಿಗೆ ಮಸಾಲೆ ಬೆರೆಸಿ ಮನೆಯಲ್ಲಿ ಇಡುತ್ತಿದ್ದ ಘಮದ ನೆನಪಿನಿಂದ ಅದು ಹುಟ್ಟಿತು ಅಂತ ಹೇಳುತ್ತಾರೆ. ಗಂಡಸರದ್ದು ಬಂದದ್ದು ಮರುವರ್ಷ, 1938ರಲ್ಲಿ. ಹೆಂಗಸರದ್ದು ಕಾಲಕ್ರಮದಲ್ಲಿ ಮರೆಯಾಯಿತು, ಗಂಡಸರದ್ದು ಉಳಿಯಿತು. ಆಗಿನ ಬಾಟಲಿಗಳು ಗಾಜಿನವೂ ಅಲ್ಲ, ಒಹಾಯೊ ರಾಜ್ಯದ ಹಲ್ ಪಾಟರಿಯಲ್ಲಿ ಮಾಡಿದ ಪಿಂಗಾಣಿಯಂಥವು. ಶೇವಿಂಗ್ ಸೋಪು ಅದೇ ಕಾರ್ಖಾನೆಯ ಮಗ್ಗಿನಲ್ಲಿ ಬರುತ್ತಿತ್ತು. ಆಮೇಲೆ ಹಾಲಿನಂಥ ಬಿಳಿ ಗಾಜಿಗೆ ಬದಲಾಯಿಸಿದರು. ಹೊಸದನ್ನೂ ಹಳೇ ಪಿಂಗಾಣಿಯ ಆಕಾರದಲ್ಲೇ ಮಾಡಿದ್ದರಿಂದ ಕೊಳ್ಳುವವರಿಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮೇಲೆ ಬಿಡಿಸಿದ ಹಡಗುಗಳು ಸುಮ್ನೆ ಅಂದಕ್ಕೆ ಅಂತ ಅಲ್ಲ. ಗ್ರ್ಯಾಂಡ್ ಟರ್ಕ್, ಫ್ರೆಂಡ್‌ಶಿಪ್ ಎರಡೂ ಅಮೆರಿಕದ ಸೇಲಂ ಬಂದರಿನ ನಿಜವಾದ ಹಡಗುಗಳ ಹೆಸರು. ಆ ಬಂದರು ಒಂದು ಕಾಲದಲ್ಲಿ ಕಾಳುಮೆಣಸಿನ ವ್ಯಾಪಾರಕ್ಕೆ ಹೆಸರಾಗಿತ್ತು. ಮಸಾಲೆಯ ಹೆಸರಿಗೆ ಮಸಾಲೆ ಬಂದರಿನ ಹಡಗು. ಪ್ಯಾಕಿಂಗ್ ಮಾಡಿದವರು ತಲೆ ಓಡಿಸಿದ್ದಾರೆ.

ಈಗ ಬಾಟಲಿಯ ಬಾಯಿ ನೋಡೋಣ. ಈ ಸರಕುಗಳ ಬಗ್ಗೆ ಲೇಬಲ್‌ಗಿಂತ ಬಾಯಿಯೇ ಜಾಸ್ತಿ ಹೇಳುತ್ತದೆ ಅನ್ನುವುದು ನನ್ನ ಅನುಭವ. ಹಳೇ ಮಾದರಿಯ ಆಫ್ಟರ್ ಶೇವ್ ಬಾಟಲಿಯ ಕುತ್ತಿಗೆ ಉದ್ದ, ಕಂಡಿ ಸಣ್ಣದು. ತಲೆಕೆಳಗೆ ಮಾಡಿದರೆ ಧಾರೆಯಾಗಿ ಸುರಿಯದು. ಒಮ್ಮೆ ಝಾಡಿಸಿದರೆ ನಾಲ್ಕು ಹನಿ, ಇನ್ನೊಮ್ಮೆ ಝಾಡಿಸಿದರೆ ಮತ್ತೆ ನಾಲ್ಕು. ಎರಡು ಕೆನ್ನೆ, ಗದ್ದ, ಕತ್ತಿಗೆ ಅಷ್ಟು ಸಾಕು. ಅಂದರೆ ಇದು ಅಂಗೈಗೆ ಹಾಕಿ, ಎರಡೂ ಕೈ ಉಜ್ಜಿ, ಮುಖಕ್ಕೆ ತಟ್ಟಿಕೊಳ್ಳುವ ದ್ರವ. ಇದನ್ನೇ ಸ್ಪ್ರೇ ಬಾಟಲಿಗೆ ತುಂಬಿ ಮುಖಕ್ಕೆ ಊದಿಕೊಂಡರೆ ಕಣ್ಣು ಉರಿಯುತ್ತದೆ. ಸ್ಪ್ರೇ ಇರುವುದು ಕತ್ತಿನ ಬದಿಗೆ, ಎದೆಗೆ, ಮಣಿಕಟ್ಟಿಗೆ ಹಾಕಲು. ಹಾಗಾಗಿ ಓ ಡಿ ಟಾಯ್ಲೆಟ್‌ಗೆ ಸ್ಪ್ರೇ, ಆಫ್ಟರ್ ಶೇವ್‌ಗೆ ಸುರಿಯುವ ಬಾಯಿ. ಮುಲಾಮಿನಂಥ ಬಾಮ್ ಆದರೆ ಟ್ಯೂಬು ಇಲ್ಲವೇ ಪಂಪು, ಯಾಕಂದರೆ ಅದು ಗಟ್ಟಿ, ಹನಿಯಾಗಿ ಬೀಳದು.

ಒಳಗಿನ ದ್ರವದಲ್ಲಿ ಘಮದ ಎಣ್ಣೆ ಎಷ್ಟು ಅನ್ನುವುದರ ಮೇಲೆ ಈ ಹೆಸರುಗಳು ನಿಂತಿವೆ. ಆಫ್ಟರ್ ಶೇವ್‌ನಲ್ಲಿ ಸುಮಾರು ನೂರಕ್ಕೆ 1ರಿಂದ 3 ಪಾಲು. ಕೊಲೋನ್‌ನಲ್ಲಿ 2ರಿಂದ 5. ಓ ಡಿ ಟಾಯ್ಲೆಟ್‌ನಲ್ಲಿ 5ರಿಂದ 15. ಇದಕ್ಕಿಂತ ಗಟ್ಟಿ ಬೇಕಾದರೆ ಓ ಡಿ ಪರ್ಫ್ಯೂಮ್, 15ರಿಂದ 20ರವರೆಗೆ. ಇವು ಈ ಕಸುಬಿನವರು ರೂಢಿಯಲ್ಲಿ ಇಟ್ಟುಕೊಂಡ ಅಳತೆ, ಕಾನೂನಿನ ಗೆರೆ ಅಲ್ಲ. ಒಂದು ಕಂಪನಿಯ ಕೊಲೋನ್ ಇನ್ನೊಂದು ಕಂಪನಿಯ ಓ ಡಿ ಟಾಯ್ಲೆಟ್‌ಗಿಂತ ಗಾಢವಾಗಿರಬಹುದು. ಅದರಲ್ಲೂ ಅಮೆರಿಕದಲ್ಲಿ ಗಂಡಸರ ಯಾವ ಸೆಂಟಿಗಾದರೂ 'ಕೊಲೋನ್' ಅಂದುಬಿಡುವ ವಾಡಿಕೆ ಇದೆ. ಆ ಪದವನ್ನು ತೀರಾ ನೆಚ್ಚಿಕೊಳ್ಳಬೇಡಿ.

ಘಮ ಕಡಿಮೆ ಅಂತ ಆಫ್ಟರ್ ಶೇವ್ ಕೀಳು ದರ್ಜೆಯದ್ದು ಅಂದುಕೊಳ್ಳುವವರಿದ್ದಾರೆ. ಅದು ಹಾಗಲ್ಲ. ಅದರ ಮೊದಲ ಕೆಲಸ ಚರ್ಮದ್ದು. ಬ್ಲೇಡು ಆಡಿದ ಮುಖದಲ್ಲಿ ಕಣ್ಣಿಗೆ ಕಾಣದ ಗೀರುಗಳಿರುತ್ತವೆ. ಲೋಷನ್ನಿನ ಆಲ್ಕೋಹಾಲ್ ಅಲ್ಲಿನ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ, ಆ ಚುರುಕ್ ಅನ್ನುವ ಉರಿಯೂ ಅದರದ್ದೇ. ಜೊತೆಗೆ ತಂಪಿಗೆ ಮೆಂಥಾಲ್, ಚರ್ಮ ಬಿಗಿಯದಿರಲಿ ಅಂತ ಗ್ಲಿಸರಿನ್ ಹಾಕಿರುವುದುಂಟು. ಮುಖ ಒಣಗಿ ಬಿರಿಯುವವರಿಗೆ, ಶೇವ್ ಆದಮೇಲೆ ಕೆಂಪು ಗುಳ್ಳೆ ಏಳುವವರಿಗೆ ಆಲ್ಕೋಹಾಲ್ ಇಲ್ಲದ ಬಾಮ್ ಒಳ್ಳೆಯದು. ಘಮ ಗಂಟೆಗಟ್ಟಲೆ ಇರಬೇಕು ಅನ್ನುವವರು ಆಫ್ಟರ್ ಶೇವ್ ಜಾಸ್ತಿ ಸುರಿದುಕೊಂಡು ಪ್ರಯೋಜನವಿಲ್ಲ. ಮುಖಕ್ಕೆ ಅದು, ಕತ್ತಿನ ಕೆಳಗೆ ಅದೇ ಹೆಸರಿನ ಕೊಲೋನ್ ಒಂದೆರಡು ಹನಿ. ಈ ಸಾಲು ಮಾಡಿದವರ ಲೆಕ್ಕವೂ ಇದೇ ಆಗಿತ್ತು.

ಸಣ್ಣ ಅಕ್ಷರ ಓದಿ ಅಂದೆನಲ್ಲ, ಅದಕ್ಕೆ ಗಂಡಸರ ಇನ್ನೊಂದು ಹಳೇ ಸೆಂಟಾದ ಬ್ರೂಟ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಫಾಬರ್ಜೆ ಕಂಪನಿ 1964ರಲ್ಲಿ ಅದನ್ನು ತಂದಾಗ ಹಸಿರು ಗಾಜಿನ ಬಾಟಲಿ, ಕುತ್ತಿಗೆಗೆ ಬೆಳ್ಳಿ ಬಣ್ಣದ ಸರ, ಅದಕ್ಕೊಂದು ಪದಕ. ನೋಡಿದರೇ ಜಂಭ. ಆಮೇಲೆ ಎಲ್ಲರ ಕೈಗೂ ಎಟುಕಲಿ ಅಂತ ಅದೇ ಹಸಿರಿನಲ್ಲಿ ಬ್ರೂಟ್ 33 ತಂದರು. ಆ 33 ಬಾಟಲಿಯ ಅಳತೆಯಲ್ಲ, ಮಾದರಿ ಸಂಖ್ಯೆಯೂ ಅಲ್ಲ. ಮೂಲ ಬ್ರೂಟ್‌ನಲ್ಲಿದ್ದ ಘಮದ ಎಣ್ಣೆಯಲ್ಲಿ ನೂರಕ್ಕೆ 33 ಪಾಲು ಮಾತ್ರ ಇದರಲ್ಲಿದೆ ಅಂತ. ಮೋಸ ಅನ್ನುವಂತಿಲ್ಲ, ಬಾಟಲಿ ಮೇಲೆಯೇ ಹಾಕಿದ್ದಾರೆ. ಅದನ್ನು ಓದಿದವರು ಎಷ್ಟು ಜನವೋ!

ಡಿಯೋ, ಸ್ಟಿಕ್, ಬಾಡಿ ವಾಶ್‌ಗೆ ಬಂದರೆ ನನ್ನ ಉತ್ಸಾಹ ಇಳಿಯುತ್ತದೆ. ಡಿಯೋ ಸ್ಪ್ರೇ ಡಬ್ಬಿಯಲ್ಲಿ ಬಹುಪಾಲು ಬ್ಯುಟೇನ್, ಪ್ರೊಪೇನ್‌ನಂಥ ಅನಿಲ ಇಲ್ಲವೇ ಆಲ್ಕೋಹಾಲ್. ಊದಿದ ಹೊತ್ತಿಗೆ ಜೋರು, ಅರ್ಧ ಗಂಟೆಯಲ್ಲಿ ನಾಪತ್ತೆ. ಸ್ಟಿಕ್‌ನಲ್ಲಿ ಎರಡು ಜಾತಿ. ಬರೀ ಡಿಯೋಡರೆಂಟ್ ವಾಸನೆ ತಡೆಯುತ್ತದೆ. ಆಂಟಿಪರ್ಸ್ಪಿರೆಂಟ್ ಅಂತ ಬರೆದಿದ್ದರೆ ಅಲ್ಯೂಮಿನಿಯಂ ಲವಣ ಇರುತ್ತದೆ, ಬೆವರೇ ಕಡಿಮೆಯಾಗುತ್ತದೆ. ಆದರೆ ಬಿಳಿ ಅಂಗಿಯ ಕಂಕುಳಲ್ಲಿ ಹಳದಿ ಕಲೆ ಕೂರುವುದೂ ಇದರಿಂದಲೇ. ಇನ್ನೂ ಮುಖ್ಯವಾದ ಮಾತು: ಓಲ್ಡ್ ಸ್ಪೈಸ್ ಹೆಸರಿನ ಎಲ್ಲದರಲ್ಲೂ ನಿಮ್ಮ ಅಪ್ಪನ ಘಮ ಇಲ್ಲ. ಸ್ವ್ಯಾಗರ್, ಫಿಜಿ ಅಂತೆಲ್ಲ ಇರುವುದು ಬೇರೆಯದೇ ವಾಸನೆ. ಕಾರ್ನೇಷನ್, ಲವಂಗ, ಚಕ್ಕೆ, ವೆನಿಲ್ಲಾ ಸೇರಿದ ಆ ಬೆಚ್ಚನೆಯ ಹಳೇ ಘಮ ಬೇಕಾದರೆ 'ಕ್ಲಾಸಿಕ್' ಅಥವಾ 'ಒರಿಜಿನಲ್' ಅನ್ನುವ ಪದ ಹುಡುಕಿ. ಆ ಎರಡು ಹೆಸರಿನ ಸ್ಟಿಕ್‌ಗಳೂ ಒಂದೇ ಥರ ಇರಬೇಕೆಂದೇನಿಲ್ಲ, ಮೂಸಿ ನೋಡುವುದೇ ದಾರಿ.

ಒಂದೇ ಘಮವನ್ನು ಸೋಪಿನಿಂದ ಸೆಂಟಿನವರೆಗೆ ಎಳೆದುಕೊಂಡು ಹೋಗುವ ಹಳೇ ಪದ್ಧತಿ ನೋಡಬೇಕಾದರೆ ಜರ್ಮನಿಯ ಟಬಾಕ್ ಒರಿಜಿನಲ್ ನೋಡಿ. ಸ್ಟೋಲ್ಬರ್ಗ್ ಊರಿನ ಮೊಯ್ರರ್ ಉಂಡ್ ವಿರ್ಟ್ಸ್ ಕಂಪನಿ 1959ರಲ್ಲಿ ತಂದದ್ದು. ಬಿಳಿ ಗಾಜು, ಕಂದು ಬಣ್ಣದ ಬರಹ, ಇವತ್ತಿಗೂ ಅದೇ ಮುಖ. ಆಫ್ಟರ್ ಶೇವ್, ಕೊಲೋನ್, ಸ್ನಾನದ ಸೋಪು, ಶೇವಿಂಗ್ ಸ್ಟಿಕ್, ಬಾಮ್ ಯಾವುದನ್ನು ತೆಗೆದರೂ ಅದೇ ವಾಸನೆ. ಶೇವಿಂಗ್ ಸೋಪು ಭಾರವಾದ ಬಿಳಿ ಬಟ್ಟಲಲ್ಲಿ ಬರುತ್ತದೆ. ಸೋಪು ತೀರಿದರೆ ಬಟ್ಟಲು ಇಟ್ಟುಕೊಂಡು ಸೋಪಿನ ಬಿಲ್ಲೆ ಮಾತ್ರ ಕೊಳ್ಳಬಹುದು. ಪ್ಯಾಕಿಂಗ್ ವಿಷಯದಲ್ಲಿ ನನಗೆ ತುಂಬ ಹಿಡಿಸುವುದು ಇದೇ. ಒದ್ದೆ ಬ್ರಷ್ ತಿರುಗಿಸುವಾಗ ಬಟ್ಟಲು ಜಾರುವುದಿಲ್ಲ, ಖಾಲಿ ಡಬ್ಬಿ ಎಸೆಯುವ ಕೆಲಸವೂ ಇಲ್ಲ. ಈ ಸೋಪಿನಲ್ಲಿ ಮೊದಲು ಪ್ರಾಣಿಗಳ ಕೊಬ್ಬು ಇರುತ್ತಿತ್ತು, ಇತ್ತೀಚಿನ ವರ್ಷಗಳಲ್ಲಿ ಅದನ್ನು ತೆಗೆದರು. ಹಳೇ ಬಳಕೆದಾರರು ನೊರೆ ಕೆಟ್ಟಿತು ಅಂತ ಗೊಣಗಿದರು. ಸಸ್ಯಾಹಾರಿಗಳಿಗೆ ಅನುಕೂಲವಾಯಿತು.

ಇದೇ ಕಂಪನಿಯ ಕೈಗೆ ಈಗ ಕಲೋನ್ ನಗರದ 4711 ಅನ್ನುವ ಹಳೇ ಕೊಲೋನ್ ಕೂಡ ಬಂದಿದೆ. ಅದರ ನೀಲಿ-ಚಿನ್ನದ ಲೇಬಲ್ಲಿನ ಬಾಟಲಿಯನ್ನು ಮೊಲಾನುಸ್ ಬಾಟಲಿ ಅಂತಾರೆ. ಪೀಟರ್ ಹೈನ್ರಿಕ್ ಮೊಲಾನುಸ್ 1820ರಲ್ಲಿ ಮಾಡಿದ ವಿನ್ಯಾಸ. ಅಲ್ಲೇ 1709ರಲ್ಲಿ ಶುರುವಾದ ಫಾರೀನಾ ಮನೆತನದ ಕೊಲೋನ್ ಉದ್ದನೆಯ, ಸಪೂರ ಬಾಟಲಿಯಲ್ಲಿ ಬರುತ್ತಿತ್ತು. ಅದನ್ನು ಮಲಗಿಸಿಯೇ ಇಡಬೇಕಿತ್ತು. ಬಿರಡೆ ಸದಾ ಒದ್ದೆಯಾಗಿದ್ದರೆ ಅದು ಒಣಗಿ ಕುಗ್ಗುವುದಿಲ್ಲ, ಘಮ ಹಾರಿಹೋಗುವುದಿಲ್ಲ. ಆಕಾರ ಅಂದರೆ ಬರೀ ಚೆಂದ ಅಂದುಕೊಂಡವರು ಇದನ್ನು ಗಮನಿಸಬೇಕು. ಬರೀ ಚೆಂದಕ್ಕೇ ಮಾಡಿದ್ದೂ ಇದೆ ಬಿಡಿ. ಇಟಲಿಯ ಪೀನೊ ಸಿಲ್ವೆಸ್ತ್ರೆ 1955ರಿಂದ ಪೈನ್ ಕಾಯಿಯ ಆಕಾರದ ಹಸಿರು ಬಾಟಲಿಯಲ್ಲೇ ಬರುತ್ತಿದೆ. ಒಳಗಿರುವುದೂ ಪೈನ್ ಮರದ ಘಮ. ಕಣ್ಣುಮುಚ್ಚಿ ಮುಟ್ಟಿದರೂ ಯಾವುದು ಅಂತ ಗೊತ್ತಾಗುತ್ತದೆ.

ಗಾಜೋ ಪ್ಲಾಸ್ಟಿಕ್ಕೋ? ಗಾಜು ಒಳಗಿರುವುದರ ತಂಟೆಗೆ ಹೋಗುವುದಿಲ್ಲ. ಘಮವನ್ನು ಹೀರುವುದಿಲ್ಲ, ಹೊರಗೂ ಬಿಡುವುದಿಲ್ಲ. ಹಾಲುಬಿಳಿ ಗಾಜಾದರೆ ಇನ್ನೊಂದು ಲಾಭ, ಬೆಳಕು ಸಲೀಸಾಗಿ ಒಳಗೆ ಹೋಗದು. ಬೆಳಕು, ಬಿಸಿ, ಗಾಳಿ ಮೂರೂ ಸೆಂಟಿಗೆ ಆಗದ ವಸ್ತುಗಳು. ಪ್ಲಾಸ್ಟಿಕ್‌ಗಳೆಲ್ಲ ಒಂದೇ ಅಲ್ಲ. ಪಾಲಿಎಥಿಲೀನ್ ನಿಂಬೆ, ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್‌ನಂಥದ್ದನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಉಪ್ಪಿನಕಾಯಿ ಇಟ್ಟ ಪ್ಲಾಸ್ಟಿಕ್ ಡಬ್ಬ ಎಷ್ಟು ತೊಳೆದರೂ ವಾಸನೆ ಬಿಡದಲ್ಲ, ಅದೇ ಥರ. ಪೆಟ್ ಬಾಟಲಿ ಇದಕ್ಕಿಂತ ವಾಸಿ. ತಳದಲ್ಲಿ ತ್ರಿಕೋನದೊಳಗೆ 1 ಇದ್ದರೆ ಪೆಟ್, 2 ಇದ್ದರೆ ಗಟ್ಟಿ ಪಾಲಿಎಥಿಲೀನ್. ಬೇಗ ಖಾಲಿಯಾಗುವ ಆಫ್ಟರ್ ಶೇವ್‌ಗೆ ಪ್ಲಾಸ್ಟಿಕ್ ಇದ್ದರೂ ನಾನು ತಕರಾರು ಮಾಡುವುದಿಲ್ಲ. ಒದ್ದೆ ಕೈಯಿಂದ ಜಾರಿ ಬಿದ್ದರೂ ಬಚ್ಚಲು ತುಂಬ ಗಾಜಿನ ಚೂರು ಆಗದು. ವರ್ಷಗಟ್ಟಲೆ ಇಟ್ಟು ಹನಿಹನಿಯಾಗಿ ಬಳಸುವ ಕೊಲೋನ್ ಆದರೆ ಗಾಜೇ ಬೇಕು.

'ಮೊದಲಿನ ಹಾಗಿಲ್ಲ' ಅನ್ನುವ ಅಪ್ಪನ ಮಾತಿಗೆ ಬರೋಣ. ಬಹುಮಟ್ಟಿಗೆ ಅವರು ಹೇಳುವುದು ಸರಿ. ಅದಕ್ಕೆ ಪ್ಲಾಸ್ಟಿಕ್ ಬಾಟಲಿಯೊಂದನ್ನೇ ದೂರಬೇಡಿ. ಆ ಕಾಲದ ಗಂಡಸರ ಸೆಂಟುಗಳಲ್ಲಿ ಸಾಮಾನ್ಯವಾಗಿದ್ದ ಕೆಲವು ಪದಾರ್ಥಗಳನ್ನು ಈಗ ಬಳಸುವಂತಿಲ್ಲ. ಮಸ್ಕ್ ಆಂಬ್ರೆಟ್ ಅನ್ನುವ ಕಸ್ತೂರಿ ಘಮದ ರಾಸಾಯನಿಕವನ್ನು ಯುರೋಪ್ 1995ರಲ್ಲಿ ನಿಷೇಧಿಸಿತು. ಓಕ್ ಮರದ ಪಾಚಿಯ ಸಾರದಲ್ಲಿರುವ ಆಟ್ರನಾಲ್‌ಗೂ ತಡೆ ಬಿತ್ತು. ಅನೇಕ ಸೆಂಟುಗಳಲ್ಲಿದ್ದ ಲಿಲಿಯಾಲ್ 2022ರ ಮಾರ್ಚ್‌ನಿಂದ ಅಲ್ಲಿ ಇಲ್ಲ. ಎಲ್ಲದಕ್ಕೂ ಕಾರಣ ಚರ್ಮದ ಅಲರ್ಜಿ ಅಥವಾ ಆರೋಗ್ಯದ ಬೇರೆ ಅಪಾಯ. ಲೋಕದ ತುಂಬ ಮಾರುವ ಕಂಪನಿಗಳು ದೇಶಕ್ಕೊಂದು ಸೂತ್ರ ಇಟ್ಟುಕೊಳ್ಳಲು ಇಷ್ಟಪಡುವುದಿಲ್ಲ, ಹೀಗಾಗಿ ಬದಲಾವಣೆ ಎಲ್ಲ ಕಡೆಗೂ ಬರುತ್ತದೆ. ಇದರ ಮೇಲೆ ಮಾಲೀಕರೂ ಬದಲಾಗುತ್ತಾರೆ. ಓಲ್ಡ್ ಸ್ಪೈಸ್ 1990ರಲ್ಲಿ ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕೈಗೆ ಹೋಯಿತು. ಎರಡು ವರ್ಷದಲ್ಲಿ ಅಮೆರಿಕದ ಬಾಟಲಿ ಮೇಲಿನ ಹಳೇ ಹಡಗು ಹೋಗಿ ವಿಹಾರದ ದೋಣಿ ಬಂತು. ಬಾಟಲಿಯ ಮುಖ ಬದಲಾದಾಗ ಒಳಗಿನ ವಾಸನೆಯೂ ಬದಲಾಗಿದೆ ಅಂತ ಮೂಗಿಗೆ ಅನ್ನಿಸಿಬಿಡುತ್ತದೆ. ಇನ್ನೊಂದು ಮಾತು ಅಪ್ಪನ ಮುಂದೆ ಹೇಳಬೇಡಿ: ವಯಸ್ಸಾದಂತೆ ಮೂಗಿನ ಚುರುಕು ಕಡಿಮೆಯಾಗುತ್ತದೆ. ದಿನಾ ಹಚ್ಚುವ ಘಮಕ್ಕಂತೂ ಮೂಗು ಒಗ್ಗಿಹೋಗುತ್ತದೆ, ಹಚ್ಚಿಕೊಂಡವರಿಗೆ ಗೊತ್ತಾಗುವುದಕ್ಕಿಂತ ಪಕ್ಕದವರಿಗೇ ಜಾಸ್ತಿ ಗೊತ್ತಾಗುತ್ತದೆ.

ಹಳೇ ಬಾಟಲಿ ಕೊಳ್ಳಬಹುದಾ? ಮೇಜಿನ ಮೇಲೆ ಇಟ್ಟು ನೋಡಲು ಖಂಡಿತ ಕೊಳ್ಳಿ. ಮುಖಕ್ಕೆ ಹಚ್ಚಲು ಬೇಡ. ಸಿಟ್ರಸ್ ಎಣ್ಣೆಗಳು ಗಾಳಿ ತಾಗಿ ಹಳತಾದಾಗ ಹುಟ್ಟುವ ಪದಾರ್ಥಗಳು ಚರ್ಮಕ್ಕೆ ಅಲರ್ಜಿ ತರುತ್ತವೆ, ಅದೂ ಈಗಷ್ಟೇ ಶೇವ್ ಮಾಡಿದ ಚರ್ಮಕ್ಕೆ ಇನ್ನೂ ಬೇಗ. ಕೊಳ್ಳುವಾಗ ಅಮೆರಿಕದ ಬಾಟಲಿಯಾದರೆ ಇಷ್ಟು ನೋಡಿ. ತಳದಲ್ಲಿ ಶುಲ್ಟನ್ ಹೆಸರು ಮಾತ್ರ ಇದ್ದರೆ 1990ಕ್ಕಿಂತ ಹಿಂದಿನದು ಇರಬಹುದು. ಪದಾರ್ಥಗಳ ಪಟ್ಟಿ ಕಡ್ಡಾಯವಾದದ್ದು 1970ರ ದಶಕದ ಕೊನೆಗೆ. ಪಟ್ಟಿಯಿದ್ದ ರಟ್ಟಿನ ಡಬ್ಬ ಕಳೆದುಹೋಗಿರಲೂಬಹುದು, ಹಾಗಾಗಿ ಇದೊಂದರಿಂದಲೇ ತೀರ್ಮಾನಿಸಬೇಡಿ. ಹಡಗಿನ ಚಿತ್ರ ಕಂಡ ಮಾತ್ರಕ್ಕೆ ಹಳೆಯದು ಅಂತ ನಂಬಬೇಡಿ, ಆ ಚಿತ್ರ ಆಮೇಲೂ ಬಂದಿದೆ. ಬಿಳಿ ಗಾಜಿನಲ್ಲಿ ಎಷ್ಟಿದೆ ಅಂತ ಕಾಣುವುದಿಲ್ಲ. ಕತ್ತಲಲ್ಲಿ ಹಿಂದಿನಿಂದ ಟಾರ್ಚ್ ಹಿಡಿದರೆ ದ್ರವದ ಮಟ್ಟದಲ್ಲಿ ಒಂದು ಗೆರೆ ಮಸುಕಾಗಿ ಕಾಣುತ್ತದೆ. ತುಂಬಿದ್ದು ಅಂತ ಹೇಳಿ ಅರ್ಧದ್ದು ಕೊಡುವವರು ಸಿಕ್ಕಿಬೀಳುವುದು ಅಲ್ಲೇ. ಬಿರಡೆ ತೆಗೆದು ಮೂಸಿದಾಗ ಮೊದಲು ಘಾಟು ಹೊಡೆದು, ಹಚ್ಚಿದ ಹತ್ತು ನಿಮಿಷದ ಮೇಲೆ ಚಕ್ಕೆ-ವೆನಿಲ್ಲಾ ಹೊರಬಂದರೆ ಮೇಲಿನ ಹಗುರ ಘಮ ಕೆಟ್ಟಿದೆ, ತಳದ್ದು ಉಳಿದಿದೆ ಅಂತ ಅರ್ಥ. ಇದನ್ನು ಕಾಗದದ ಚೂರಿಗೆ ಹಚ್ಚಿ ನೋಡಿ, ಕೈಗೆ ಬೇಡ.

ಹೊಸದು ಕೊಳ್ಳುವಾಗ ಡಬ್ಬದ ಹಿಂದೆ ಬಾಯಿ ತೆರೆದ ಡಬ್ಬಿಯ ಸಣ್ಣ ಚಿತ್ರ, ಅದರೊಳಗೆ 24ಎಂ, 36ಎಂ ಅಂತ ಇದೆಯಾ ನೋಡಿ. ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಅಂತ. ಇದು ಯುರೋಪಿನ ಗುರುತು, ಎಲ್ಲದರ ಮೇಲೂ ಇರುವುದಿಲ್ಲ. ಗಿಫ್ಟ್ ಸೆಟ್ ವಿಷಯದಲ್ಲಿ ನಾನು ಸ್ವಲ್ಪ ಜುಗ್ಗ. ದೊಡ್ಡ ಪೆಟ್ಟಿಗೆ, ಒಳಗೆ ಗುಂಡಿ ಕೊರೆದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಒಂದು ಒಳ್ಳೆಯ ಬಾಟಲಿ, ಜೊತೆಗೆ ಯಾರೂ ಬಳಸದ ಎರಡು ಸಣ್ಣ ಟ್ಯೂಬು. ಅದರ ಬದಲು ಬಿಡಿಬಿಡಿಯಾಗಿ ಮೂರು ತನ್ನಿ: ದೊಡ್ಡದೊಂದು ಆಫ್ಟರ್ ಶೇವ್ ಲೋಷನ್, ಗಾಜಿನ ಬಾಟಲಿಯ ಸಣ್ಣ ಕೊಲೋನ್, ಅಪ್ಪ ಬ್ರಷ್ ಬಳಸುವವರಾದರೆ ಒಂದು ಶೇವಿಂಗ್ ಸೋಪು. ಓಲ್ಡ್ ಸ್ಪೈಸ್‌ನಲ್ಲಿ ಸೋಪು ಸಿಗದಿದ್ದರೆ ಟಬಾಕ್ ನಡೆಯುತ್ತದೆ, ತೊಳೆದ ಮೇಲೆ ಅದರ ಘಮ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಪ್ಪ ಪ್ರಯಾಣ ಮಾಡುವವರಾದರೆ ಕೊಲೋನ್ 100 ಎಂಎಲ್ ದಾಟದಿರಲಿ, ವಿಮಾನದ ಕೈಚೀಲದಲ್ಲಿ ಅದಕ್ಕಿಂತ ದೊಡ್ಡ ಬಾಟಲಿಯನ್ನು ಅನೇಕ ಕಡೆ ತಡೆಯುತ್ತಾರೆ. ಡಿಯೋ ಕೂಡ ಬೇಕು ಅಂದರೆ ವಾಸನೆ ಇಲ್ಲದ್ದು ತನ್ನಿ, ಲೋಷನ್ನಿನ ಘಮಕ್ಕೆ ಅಡ್ಡ ಬರುವುದಿಲ್ಲ.